ಪ್ರಶ್ನೆಯಲ್ಲಿ ಇಲ್ಲದ ಮಾವ

ಗುಣಪಾಲ ಮಾಸ್ಟ್ರು ಮಾಡಿದ ತಪ್ಪು ದೊಡ್ಡದೇನಲ್ಲ. ಎರಡು ಇಂಗ್ಲಿಷ್ ಪದಗಳಿಗೆ ಕನ್ನಡ ಹಾಕುವಾಗ ಸ್ವಲ್ಪ ಅವಸರ ಮಾಡಿದರು, ಅಷ್ಟೆ. ಅಂಥ ಅವಸರವನ್ನು ದಿನಾ ನೂರು ಜನ ಮಾಡುತ್ತಾರೆ, ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಮಾಸ್ಟ್ರ ಗ್ರಹಚಾರ ನೋಡಿ, ಅವರ ತಪ್ಪು ಸಮುದ್ರ ದಾಟಿ ಹೋಗಿ, ಅಲ್ಲಿ ಪಂಡಿತರ ಮೇಜಿನ ಮೇಲೆ ಕೂತು, ಸತ್ಯದ ವೇಷ ಹಾಕಿಕೊಂಡು ವಾಪಸು ಬಂತು. ಬಂದದ್ದನ್ನು ಎಲ್ಲರಿಗಿಂತ ಮೊದಲು ನಂಬಿದವರು ಮಾಸ್ಟ್ರೇ.

ಚೀನಾ ಯುದ್ಧದ ಮರುವರ್ಷದ ಮಾತು. ಮಂಗಳೂರಿನ ಆ ಹೈಸ್ಕೂಲಿಗೆ ವಿದೇಶದಿಂದ ಒಬ್ಬ ಪ್ರೊಫೆಸರು ಬಂದರು. ಬಿಳಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿದ್ದ, ಮಾತು ಮಾತಿಗೂ ನಗುವ ಮನುಷ್ಯ. ಎಂಟು ದೇಶಗಳ ಹದಿನಾರು ವರ್ಷದ ಮಕ್ಕಳಿಗೆ ಒಂದೇ ಪ್ರಶ್ನೆಗಳನ್ನು ಕೊಟ್ಟು, ದೊಡ್ಡವರು ಹೇಳಿದ್ದಕ್ಕೆಲ್ಲ ತಲೆ ಆಡಿಸುವವರು ಎಲ್ಲಿಯವರು, ಯಾಕೆ ಎಂದು ಕೇಳುವವರು ಎಲ್ಲಿಯವರು ಎಂದು ತಿಳಿಯುವುದು ಅವರ ಕೆಲಸ. ಮಹಾಯುದ್ಧದ ಕಾಲದಲ್ಲಿ ಅವರ ಕಡೆಯ ಎಳೆಯ ಹುಡುಗರು, ಒಬ್ಬ ಹೇಳಿದನೆಂದು, ಮಾಡಬಾರದ್ದನ್ನೆಲ್ಲ ಮಾಡಿದ್ದರು. ಆ ಬೀಜ ಇನ್ನು ಯಾವ ಮನೆಯ ಅಂಗಳದಲ್ಲಿ ಬಿದ್ದಿದೆಯೋ ಎಂಬ ಚಿಂತೆ ಅವರಿಗೆ ಹತ್ತಿತ್ತು. ಚಿಂತೆ ನ್ಯಾಯವಾದದ್ದೇ. ಮಾಸ್ಟ್ರಿಗೆ ಆ ಮನುಷ್ಯ ಬಹಳ ಹಿಡಿಸಿದರು.

ಪ್ರಶ್ನೆಗಳನ್ನು ಕನ್ನಡಕ್ಕೆ ತಂದು, ಪ್ರತಿ ತೆಗೆಯಲು ಸ್ಟೆನ್ಸಿಲ್ ಕೊರೆಯುವ ಕೆಲಸ ಗುಣಪಾಲ ಮಾಸ್ಟ್ರ ಪಾಲಿಗೆ ಬಂತು. ಶಾಲೆಯಲ್ಲಿ ಇಂಗ್ಲಿಷೂ ಕನ್ನಡವೂ ಒಟ್ಟಿಗೆ ಗಟ್ಟಿಯಿದ್ದದ್ದು ಅವರಿಗೆ ಮಾತ್ರ. ಟೀಚರುಗಳ ಕೋಣೆಯಲ್ಲಿ ಅವರು ಬಗ್ಗಿ ಬರೆಯುತ್ತಿದ್ದಾಗ ಲೆಕ್ಕದ ಮಾಸ್ಟ್ರು ಕಜೆಟನ್ ಬಂದು ಹೆಗಲ ಮೇಲಿಂದ ಇಣುಕಿದರು.

"ಪ್ರತಿ ಪ್ರಶ್ನೆಯ ಎದುರು ಅಗ್ರೀ, ಡಿಸಗ್ರೀ ಅಂತ ಉಂಟಲ್ಲ, ಅದಕ್ಕೆ ಎಂತ ಹಾಕಿದ್ದೀರಿ?"

"ಮೊದಲು ಒಪ್ಪಿಗೆ ಉಂಟು, ಒಪ್ಪಿಗೆ ಇಲ್ಲ ಅಂತ ಬರೆದೆ. ಸ್ಟೆನ್ಸಿಲಿನಲ್ಲಿ ಜಾಗ ಸಾಕಾಗುವುದಿಲ್ಲ. ಈಗ ಸರಿ, ತಪ್ಪು ಅಂತ ಹಾಕಿದ್ದೇನೆ. ಮಕ್ಕಳಿಗೆ ಪರೀಕ್ಷೆಯಲ್ಲಿ ಬರೆದು ಅಭ್ಯಾಸ ಉಂಟಲ್ಲ."

"ಎರಡೂ ಒಂದೆಯಾ?"

"ಒಂದೇ ಮಾರಾಯ್ರೆ. ಒಪ್ಪಿಗೆ ಆದದ್ದು ಸರಿ, ಆಗದ್ದು ತಪ್ಪು."

ಕಜೆಟನ್ ಮಾಸ್ಟ್ರು ಅಂಗಿಯ ತೋಳಿಗೆ ಹತ್ತಿದ್ದ ಸೀಮೆಸುಣ್ಣ ಕೊಡವಿಕೊಂಡರು. "ನನ್ನ ಮನೆಯಲ್ಲಿ ನನಗೆ ಒಪ್ಪಿಗೆ ಇಲ್ಲದೆಯೇ ಸರಿ ಆದದ್ದು ಬಹಳ ಉಂಟು" ಎಂದು ಹೇಳಿ ಕ್ಲಾಸಿಗೆ ಹೋದರು. ಗುಣಪಾಲ ಮಾಸ್ಟ್ರು ನಕ್ಕು, ಬರಹ ಮುಂದುವರಿಸಿದರು. ಆಗ ನಗದೆ ಸ್ವಲ್ಪ ಯೋಚಿಸಿದ್ದರೆ ಈ ಕತೆ ಹೇಳುವ ಕೆಲಸ ನನಗೆ ಇರುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿ ಕಾಗದ ಹಂಚಿದ ದಿನ ಅವರು ಮೇಜಿನ ಎದುರು ನಿಂತು ಒಂದು ಸಣ್ಣ ಭಾಷಣ ಮಾಡಿದರು. ಇದು ಪರೀಕ್ಷೆಯಲ್ಲ, ಹೆಸರು ಬರೆಯುವುದು ಬೇಡ, ಯಾರಿಗೂ ಹೆದರಬೇಡಿ, ನಿಮ್ಮ ಮನಸ್ಸಿಗೆ ಬಂದದ್ದನ್ನು ಗುರುತು ಮಾಡಿ ಎಂದರು. ಕ್ಲಾಸು ಒಂದೇ ಸ್ವರದಲ್ಲಿ "ಆಯ್ತು ಸರ್" ಎಂದಿತು. ಹಿಂದಿನ ಬೆಂಚಿನಿಂದ ಶುಕೂರ್ ಎದ್ದು ನಿಂತ. ಬಂದರಿನ ಹತ್ತಿರ ಒಣಮೀನಿನ ಅಂಗಡಿ ಇಟ್ಟವರ ಮಗ, ತಿಳಿಯದಿದ್ದರೆ ಕೇಳುವ ಹುಡುಗ.

"ಸರ್, ಮನಸ್ಸಿಗೆ ಎಂತ ಬರಬೇಕು?"

"ಅದನ್ನು ನಾನು ಹೇಳುವ ಹಾಗಿಲ್ಲ ಮಾರಾಯ."

"ಮತ್ತೆ ಯಾರು ಹೇಳ್ತಾರೆ ಸರ್?"

ಮಾಸ್ಟ್ರು ಅವನನ್ನು ಕೂರಿಸಿದರು. ಮಕ್ಕಳು ತಲೆ ತಗ್ಗಿಸಿ ಬರೆಯತೊಡಗಿದರು. ಆ ಕಾಗದದ ತುಂಬ ಅಪ್ಪನೇ ಇದ್ದ. ಮನೆಯಲ್ಲಿ ತಂದೆಯ ಮಾತೇ ಕೊನೆಯ ಮಾತು. ತಂದೆ ಒಮ್ಮೆ ಹೇಳಿದ ಮೇಲೆ ಮಕ್ಕಳು ಕಾರಣ ಕೇಳುವುದಿಲ್ಲ. ಮಕ್ಕಳ ಓದು, ಕೆಲಸ, ಮದುವೆಗಳನ್ನು ತೀರ್ಮಾನಿಸುವವರು ತಂದೆ. ಪ್ರೊಫೆಸರರ ಊರಿನಲ್ಲಿ ಮನೆ ಎಂದರೆ ಅಪ್ಪ ಇರಬೇಕು. ಮಾಸ್ಟ್ರು ಇಂಗ್ಲಿಷಿನಲ್ಲಿ ಫಾದರ್ ಇದ್ದಲ್ಲೆಲ್ಲ ನಿಷ್ಠೆಯಿಂದ ತಂದೆ ಎಂದು ಬರೆದಿದ್ದರು.

ಅದೇ ಕ್ಲಾಸಿನಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ, ಅವರ ಮಗಳು ಕುಶಲಾ ಕೂತಿದ್ದಳು. ಮಾಸ್ಟ್ರು ಆ ದಾರಿಯಾಗಿ ನಡೆಯುವಾಗ ನೋಡಬಾರದೆಂದೇ ನೋಡಿದರು. ತಂದೆ ಇರುವ ಸಾಲುಗಳ ಎದುರೆಲ್ಲ 'ತಪ್ಪು' ಎಂಬುದರ ಕೆಳಗೆ ಗುರುತು ಬಿದ್ದಿತ್ತು. ಮಗಳು ಪೆನ್ನಿನ ಮುಚ್ಚಳ ಹಾಕಿ, ಕೈ ಕಟ್ಟಿಕೊಂಡು, ಹೊರಗೆ ಗಾಳಿಮರ ನೋಡುತ್ತ ಕೂತಿದ್ದಳು. ಮಾಸ್ಟ್ರಿಗೆ ಒಳಗೊಳಗೆ ಎಷ್ಟು ಹಿಗ್ಗಾಯಿತೆಂದರೆ, ಆ ದಿನ ಕ್ಲಾಸಿಗೆ ಹೋಂವರ್ಕೇ ಕೊಡಲಿಲ್ಲ.

ಹಿಗ್ಗಿಗೆ ಕಾರಣವಿತ್ತು. ಮಾಸ್ಟ್ರು ವಾಮಂಜೂರಿನಲ್ಲಿ, ತಾಯಿಯ ಅಣ್ಣನ ಮಾತಿನ ಕೆಳಗೆ ಬೆಳೆದವರು. ಇಂಟರ್‌ಮೀಡಿಯೆಟ್ ಒಳ್ಳೆಯ ಅಂಕದಲ್ಲಿ ಪಾಸಾಗಿ, ಮದರಾಸಿಗೆ ಹೋಗಿ ಬಿ.ಎ. ಓದುತ್ತೇನೆಂದು ಜಗಲಿಯಲ್ಲಿ ನಿಂತು ಕೇಳಿದಾಗ, ಆ ಮಾವ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತದೆ "ಸಾಕು" ಎಂದಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಒಂದೇ ಪದ. ಹುಡುಗ ಹಿಂದೆ ಸರಿದು, ಮಾಸ್ಟ್ರ ಟ್ರೈನಿಂಗಿಗೆ ಸೇರಿದ. ಆ 'ಸಾಕು' ಎಷ್ಟೋ ವರ್ಷ ಅವರ ಕಿವಿಯಲ್ಲಿ ಉಳಿದಿತ್ತು. ತಮ್ಮ ಬಾಯಿಂದ ತಮ್ಮ ಮಗುವಿಗೆ ಅಂಥ ಮಾತು ಬರಕೂಡದೆಂದು ಅವರು ಶಪಥ ಮಾಡಿದ್ದರು, ಮತ್ತು ಆ ಶಪಥವನ್ನು ಪಾಪ, ಅತಿಯಾಗಿಯೇ ಪಾಲಿಸಿದರು.

ಬಿಜೈಯ ಅವರ ಬಾಡಿಗೆಮನೆಯಲ್ಲಿ ಯಾವ ಪ್ರಶ್ನೆಗೂ ಅವರ ಉತ್ತರ ಒಂದೇ: ನಿನ್ನ ಇಷ್ಟ. ಜಡೆ ಎರಡು ಹಾಕುವುದಾ ಒಂದಾ ಎಂದು ಮಗಳು ಕೇಳಿದರೆ ನಿನ್ನ ಇಷ್ಟ. ಜ್ವರ ಬಿಟ್ಟಿದೆ, ಶಾಲೆಗೆ ಹೋಗಲಾ ಎಂದರೆ ನಿನ್ನ ಇಷ್ಟ. ಹೆಂಡತಿ ಜಲಜಾಕ್ಷಿಗೆ ಇದು ರೂಢಿಯಾಗಿ ಹೋಗಿತ್ತು. "ಸಾರಿಗೆ ಎಂತ ಹಾಕುವುದು ಕೇಳಿದರೂ ನಿನ್ನ ಇಷ್ಟ. ಇವರಿಗೆ ಅಂತ ಒಂದು ಇಷ್ಟ ಉಂಟಾ ಇಲ್ವಾ ಅಂತ ನನಗೆ ಸಂಶಯ" ಎನ್ನುತ್ತಿದ್ದಳು. ಮಾಸ್ಟ್ರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಮಳೆ ನಿಂತು ದಸರೆ ಕಳೆದ ಮೇಲೆ ಪ್ರೊಫೆಸರರ ಕಾಗದ ಬಂತು. ಹೆಡ್‌ಮಾಸ್ಟ್ರು ಅದನ್ನು ಎಲ್ಲ ಟೀಚರುಗಳ ಎದುರು ಓದಿದರು. ಎಂಟು ದೇಶಗಳಲ್ಲಿ ತಂದೆಯ ಅಧಿಕಾರಕ್ಕೆ ಅತಿ ಕಡಿಮೆ ತಲೆಬಾಗುವ ಮಕ್ಕಳು ಯಾವ ಮುಂದುವರಿದ ನಗರದವರೂ ಅಲ್ಲ, ಮಂಗಳೂರಿನ ಈ ಶಾಲೆಯ ತುಳು ಮಾತಾಡುವ ಮನೆಗಳವರು. ಇದು ತಮಗೆ ಅತ್ಯಂತ ಆಶ್ಚರ್ಯದ, ಆಶೆಯ ಸಂಗತಿಯೆಂದು ಅವರು ಬರೆದಿದ್ದರು.

"ನಮ್ಮ ಕ್ರಿಶ್ಚನ್ ಮಕ್ಕಳದ್ದು ಎಂತ ಕತೆ?" ಕಜೆಟನ್ ಕೇಳಿದರು.

"ನಿಮ್ಮವರು ಸ್ವಲ್ಪ ತಲೆಬಾಗುವವರು ಅಂತ ಉಂಟು."

"ಹೌದಾ? ನನ್ನ ಮನೆಯಲ್ಲಿ ಮೂರು ಉಂಟು. ಒಂದಾದರೂ ಬಾಗಿದ್ದು ನಾನು ನೋಡ್ಲಿಲ್ಲ."

ಎಲ್ಲರೂ ನಕ್ಕರು. ಗುಣಪಾಲ ಮಾಸ್ಟ್ರು ಮಾತ್ರ ನಗಲಿಲ್ಲ. ಅವರ ಕಣ್ಣು ತೇವವಾಗಿತ್ತು. ತಮ್ಮ ತಲೆಮಾರು ಜಗಲಿಯ ಮುಂದೆ ಬಾಯಿ ಮುಚ್ಚಿ ನಿಂತದ್ದು ಸಾಕಾಯಿತು, ಈ ಮಕ್ಕಳು ನಿಲ್ಲುವವರಲ್ಲ ಎಂದು ಅವರಿಗೆ ಖಚಿತವಾಯಿತು. ಆ ಕಾಗದದ ಒಂದು ನಕಲನ್ನು ಅವರು ತಾವೇ ಬರೆದುಕೊಂಡು ಮನೆಗೆ ತಂದು ಜಲಜಾಕ್ಷಿಗೆ ಓದಿ ಹೇಳಿದರು. ಅವಳು ಮೀನಿಗೆ ಮಸಾಲೆ ಹಚ್ಚುತ್ತ, ಎಂಟು ದೇಶದಲ್ಲಿ ಎಲ್ಲಿಯಾದರೂ ಗಂಡಸರು ಮಾರ್ಕೆಟಿನಿಂದ ಒಳ್ಳೆಯ ಬಂಗುಡೆ ತರುತ್ತಾರಾ ಎಂದು ಕೇಳಿದಳು.

ಜನವರಿಯಲ್ಲಿ ತಾರಾನಾಥ ಬೊಂಬಾಯಿಯಿಂದ ಬಂದರು.

ತಾರಾನಾಥ ಎಂದರೆ ಜಲಜಾಕ್ಷಿಯ ಅಣ್ಣ. ಬೊಂಬಾಯಿಯಲ್ಲಿ ಹೋಟೆಲು, ದೇರೆಬೈಲಿನಲ್ಲಿ ತಾಯಿಮನೆ, ಎರಡಕ್ಕೂ ಅವರೇ ಯಜಮಾನರು. ತುಳುನಾಡಿನ ಬಹಳ ಮನೆಗಳ ಹಾಗೆ ಅವರದ್ದೂ ಅಳಿಯಸಂತಾನದ ಕಟ್ಟು. ಅಲ್ಲಿ ವಂಶ ನಡೆಯುವುದು ಹೆಣ್ಣಿನಿಂದ, ಮಕ್ಕಳು ತಾಯಿಯ ಮನೆಯವರು, ಆ ಮಕ್ಕಳ ಮೇಲೆ ಅಧಿಕಾರ ತಾಯಿಯ ಅಣ್ಣನದ್ದು. ಅಪ್ಪ ಎಂದರೆ ಪ್ರೀತಿಯ ನೆಂಟ, ಅಷ್ಟೆ. ದೆಹಲಿಯಲ್ಲಿ ಕಾಯ್ದೆ ಬದಲಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಅದು ಇನ್ನೂ ದೇರೆಬೈಲಿನ ಬಸ್ಸು ಹತ್ತಿರಲಿಲ್ಲ. ಇದೆಲ್ಲ ಗುಣಪಾಲ ಮಾಸ್ಟ್ರಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿ ಗೊತ್ತಿತ್ತು, ಉಸಿರಾಡುವುದು ಗೊತ್ತಿದ್ದ ಹಾಗೆ. ಅಷ್ಟು ಗೊತ್ತಿದ್ದದ್ದನ್ನೇ ಮನುಷ್ಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಾರಾನಾಥ ಕೆಟ್ಟವರು ಎಂದು ಯಾರೂ ತಿಳಿಯಬಾರದು. ಗಟ್ಟಿ ಸ್ವರ, ದೊಡ್ಡ ಕೈ, ಊರಿಗೆ ಬಂದಾಗ ಎಲ್ಲರಿಗೂ ಏನಾದರೂ ತರುವವರು. ಕುಶಲಾ ಮನೆಯ ಸೀಮೆಎಣ್ಣೆ ಸ್ಟೌವನ್ನು ಬಿಚ್ಚಿ ತಾನೇ ಸರಿ ಮಾಡಿದಳೆಂದು ಕೇಳಿ, ಹಿಂದಿನ ವರ್ಷ ಹೋಟೆಲಿನ ಹಾಳಾದ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಬೊಂಬಾಯಿಯಿಂದ ಹೊತ್ತು ತಂದಿದ್ದರು. ಅವಳು ಅದನ್ನು ಮಾತಾಡಿಸಿದ ಮೇಲೆ, ನನ್ನ ಸೋದರಸೊಸೆಯ ಕೈಯಲ್ಲಿ ವಿದ್ಯೆ ಉಂಟು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಕುಶಲಾಗೆ ಮಾವ ಎಂದರೆ ಜೀವ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಮುಂದೆ ಫಿಸಿಕ್ಸ್ ಓದಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದೂ ಆ ರೇಡಿಯೋದ ಹೊಟ್ಟೆಯೊಳಗೆಯೇ.

ಭಾನುವಾರ ಎಲ್ಲರೂ ದೇರೆಬೈಲಿನಲ್ಲಿ ಸೇರಿದರು. ಊಟ ಮುಗಿದು ಜಗಲಿಯಲ್ಲಿ ಕೂತಾಗ ತಾರಾನಾಥ ವಿಷಯ ತೆಗೆದರು.

"ಕುಶಲಾಗೆ ಒಂದು ಸಂಬಂಧ ನೋಡಿದ್ದೇನೆ. ಹುಡುಗ ಚಿತ್ತರಂಜನ ಅಂತ, ನನ್ನ ಪಾಲುದಾರರ ತಂಗಿಯ ಮಗ. ಕುಡಿತ ಇಲ್ಲ, ಸಿಗರೇಟಿಲ್ಲ, ಜನ ಒಳ್ಳೆಯವರು. ಗುರುವಾರ ಅವರು ಬರ್ತಾರೆ. ನಿಶ್ಚಯ ಮಾಡಿ ಬಿಡುವ. ಪರೀಕ್ಷೆ ಮುಗಿದ ಮೇಲೆ ಮದುವೆ." ಮತ್ತೆ ಮರ್ಯಾದೆಗೆ ಮಾಸ್ಟ್ರ ಕಡೆ ತಿರುಗಿದರು. "ನೀವು ಎಂತ ಹೇಳ್ತೀರಿ ಭಾವ?"

ಮಾಸ್ಟ್ರಿಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. ಅವರ ಅಂಗಿಯ ಜೇಬಿನಲ್ಲಿ ಎಂಟು ದೇಶಗಳ ಸಾಕ್ಷಿ ಇತ್ತು. ಈಗ ನೋಡಿ ತಮಾಷೆ ಎಂದುಕೊಂಡು, ಗೆಲ್ಲುವ ಎಲೆ ಕೈಯಲ್ಲಿಟ್ಟುಕೊಂಡ ಇಸ್ಪೀಟಾಟದವರ ಹಾಗೆ ಮುಗುಳ್ನಗುತ್ತ ಹೇಳಿದರು.

"ಅವಳು ಹೇಳಲಿ."

ಕುಶಲಾ ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ತಾರಾನಾಥ ಅವಳನ್ನು ನೋಡಿ, "ಎಂತ ಮಗಾ, ಸರಿ ಅಲ್ವಾ?" ಎಂದು ಕೇಳಿದರು.

ಅವಳು ಒಮ್ಮೆ ಅಪ್ಪನ ಮುಖ ನೋಡಿದಳು. ಅಪ್ಪ ನಗುತ್ತಿದ್ದರು. ಅವಳು ಕಣ್ಣು ಕೆಳಗೆ ಮಾಡಿ, "ನೀವು ಹೇಳಿದ ಹಾಗೆ ಮಾವ" ಎಂದು ಹೇಳಿ ಕಾಫಿ ಕೊಟ್ಟು ಒಳಗೆ ಹೋದಳು.

ಮಾಸ್ಟ್ರ ನಗು ಮುಖದಲ್ಲೇ ಇತ್ತು, ಅದನ್ನು ಎಲ್ಲಿ ಇಡುವುದೆಂದು ಅವರಿಗೆ ತಿಳಿಯಲಿಲ್ಲ. ಕಾಫಿ ಕುಡಿದರು. ತಾರಾನಾಥ ಗುರುವಾರಕ್ಕೆ ಎಷ್ಟು ಜನ, ಯಾವ ಮೀನು ಎಂದೆಲ್ಲ ಹೇಳುತ್ತಿದ್ದದ್ದು ಅವರ ಕಿವಿಗೆ ಬೀಳಲಿಲ್ಲ. ಅವರಿಗೆ ಎಲೆಗೆ ಸುಣ್ಣ ಹಚ್ಚುವ ಸದ್ದು ಕೇಳುತ್ತಿತ್ತು, ಆ ಜಗಲಿಯಲ್ಲಿ ಎಲೆ ತಿನ್ನುವವರು ಯಾರೂ ಇರದಿದ್ದರೂ.

ಬಿಜೈವರೆಗೆ ನಡೆದೇ ಬಂದರು. ಸಂಜೆ ಕುಶಲಾ ಅಡುಗೆಮನೆಯಲ್ಲಿ ಸ್ಟೌವಿಗೆ ಪಂಪು ಹೊಡೆಯುತ್ತಿದ್ದಾಗ ಮಾಸ್ಟ್ರು ಮಣೆ ಎಳೆದುಕೊಂಡು ಅವಳ ಎದುರು ಕೂತರು. ಜಲಜಾಕ್ಷಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಮಗಾ, ಆ ಪ್ರೊಫೆಸರರ ಕಾಗದದಲ್ಲಿ ಮಕ್ಕಳ ಮದುವೆ ತೀರ್ಮಾನಿಸುವವರು ತಂದೆ ಅಂತ ಒಂದು ಇತ್ತು. ನೀನು ತಪ್ಪು ಅಂತ ಹಾಕಿದ್ದಿ. ನಾನು ನೋಡಿದೆ."

"ಹೌದು."

"ಹಾಗೆ ಹಾಕಿದವಳು ಇವತ್ತು ಮಾವ ಹೇಳಿದ ಹಾಗೆ ಅಂದದ್ದು ಯಾಕೆ?"

ಕುಶಲಾ ಪಂಪು ಹೊಡೆಯುವುದನ್ನು ನಿಲ್ಲಿಸಿ, ಸುಲಭದ ಲೆಕ್ಕ ತಪ್ಪಿಸಿದವರನ್ನು ನೋಡುವ ಹಾಗೆ ಅಪ್ಪನನ್ನು ನೋಡಿದಳು.

"ಅದು ತಪ್ಪೇ ಅಲ್ವಾ ಅಪ್ಪ? ನಮ್ಮಲ್ಲಿ ಮದುವೆ ತೀರ್ಮಾನ ಮಾಡುವುದು ಮಾವ. ಮನೆಯಲ್ಲಿ ಕೊನೆಯ ಮಾತೂ ಮಾವನದ್ದು. ತಂದೆ ಅಂತ ಬರೆದಿತ್ತು, ಅದಕ್ಕೆ ತಪ್ಪು ಹಾಕಿದೆ. ನಮ್ಮವರು ಎಲ್ಲರೂ ಹಾಗೆಯೇ ಹಾಕಿದ್ದು. ನನ್ನ ಬೆಂಚಿನ ಜೂಲಿ ಕ್ರಿಶ್ಚನ್ ಅಲ್ವಾ, ಅವಳ ಮನೆಯಲ್ಲಿ ಅಪ್ಪನೇ ಅಂತೆ, ಅವಳು ಸರಿ ಹಾಕಿದಳು."

ಮಾಸ್ಟ್ರು "ಮಾವನ ವಿಷಯ ಎಂತಾದರೂ ಬರೆಯಬಹುದಿತ್ತಲ್ಲ" ಎಂದರು, ಮುಳುಗುವವ ಹುಲ್ಲುಕಡ್ಡಿ ಹಿಡಿದ ಹಾಗೆ.

"ಮಾವನ ಪ್ರಶ್ನೆಯೇ ಇರಲಿಲ್ಲ ಅಲ್ವಾ ಅಪ್ಪ."

ಜಲಜಾಕ್ಷಿಗೆ ನಗು ಬಂತು. ನಗುವ ಹೊತ್ತಲ್ಲ ಎಂದು ಅವಳಿಗೂ ಗೊತ್ತಿತ್ತು. "ಎಂಟು ದೇಶಕ್ಕೆ ಬುದ್ಧಿವಂತರಾದಿರಿ, ಮನೆಯ ಮಾವ ಒಬ್ಬರು ನಿಮಗೆ ನೆನಪಾಗ್ಲಿಲ್ಲ" ಎಂದಳು. ಮಾಸ್ಟ್ರು ಜೇಬಿನಿಂದ ಆ ನಕಲು ಕಾಗದ ತೆಗೆದು, ನೋಡಿ, ಮತ್ತೆ ಜೇಬಿಗೇ ಹಾಕಿದರು. ದೀಪದ ಬುಡದಲ್ಲಿ ಕತ್ತಲೆ ಎಂದು ವರ್ಷವಿಡೀ ಗಾದೆ ವಿಸ್ತರಣೆ ಹೇಳಿಕೊಟ್ಟ ಮನುಷ್ಯ ಅವರು.

"ನಿನಗೆ ಈ ಮದುವೆ ಇಷ್ಟ ಉಂಟಾ?"

"ಇಲ್ಲ. ನನಗೆ ಓದಬೇಕು."

"ಹಾಗಾದರೆ ಅಲ್ಲಿಯೇ ಹೇಳಬಹುದಿತ್ತು. ನಾನು ಯಾವತ್ತಾದರೂ ನಿನಗೆ ಅಡ್ಡ ಬಂದದ್ದುಂಟಾ? ಯಾವಾಗಲೂ ನಿನ್ನ ಇಷ್ಟ ಅಂತಲೇ ಹೇಳಿದ್ದೇನೆ."

"ಅದೇ ಅಪ್ಪ." ಕುಶಲಾಳ ಸ್ವರ ಸಣ್ಣದಾಯಿತು. "ನೀವು ನಿನ್ನ ಇಷ್ಟ ಅಂತ ಹೇಳಿ ಪೇಪರ್ ಓದ್ಲಿಕ್ಕೆ ಹೋಗ್ತೀರಿ. ಮಾವ ಒಂದು ಹೇಳಿದರೆ, ಹೇಳಿ ಅಲ್ಲಿಯೇ ನಿಲ್ತಾರೆ. ಇವತ್ತು ನಾನು ನಿಮ್ಮ ಮುಖ ನೋಡಿದೆ. ನೀವು ನಗ್ತಾ ಇದ್ರಿ. ನಿಮಗೂ ಸಂತೋಷ ಅಂತ ಗ್ರಹಿಸಿದೆ. ಮತ್ತೆ ನಾನು ಒಬ್ಬಳೇ ಎಂತ ಹೇಳುವುದು?"

ಮಾಸ್ಟ್ರಿಗೆ ಇದು ನಾಟಿತು. ಹೊಡೆಯದೆ, ಬೈಯದೆ, ಆಜ್ಞೆ ಮಾಡದೆ ಸಾಕಿದೆ ಎಂದು ಅವರು ಇಷ್ಟು ವರ್ಷ ಬೆನ್ನು ತಟ್ಟಿಕೊಂಡದ್ದೇನೋ ನಿಜ. ಆದರೆ ಮಗಳಿಗೆ ಬಾಗಿಲು ತೆರೆದು ಕೊಟ್ಟವರು ದಾರಿಯಲ್ಲಿ ಜೊತೆಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಅಡುಗೆಮನೆಯಲ್ಲಿ ಅಳುವುದಕ್ಕೆ ಸ್ಟೌವಿನ ಹೊಗೆ ಒಳ್ಳೆಯ ನೆಪ.

"ನಾಳೆ ನಾನು ಹೋಗಿ ಭಾವನ ಹತ್ತಿರ ಮಾತಾಡ್ತೇನೆ" ಎಂದರು.

"ಒಬ್ಬರೇ ಹೋಗ್ಬೇಡಿ" ಎಂದಳು ಜಲಜಾಕ್ಷಿ. "ನೀವು ಹೇಳಿದರೆ ಅಣ್ಣ ಮರ್ಯಾದೆಗೆ ತಲೆ ಆಡಿಸ್ತಾರೆ. ಮತ್ತೆ ತಾನು ಎಣಿಸಿದ್ದನ್ನೇ ಮಾಡ್ತಾರೆ. ನಾವೂ ಬರ್ತೇವೆ."

ಮರುದಿನ ಶಾಲೆ ಬಿಟ್ಟ ಮೇಲೆ ಮೂವರೂ ದೇರೆಬೈಲಿಗೆ ಹೋದರು. ತಾರಾನಾಥ ಬನಿಯನಿನಲ್ಲಿ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ಅದೇ ರೇಡಿಯೋ. ಮೂವರನ್ನು ಕಂಡು ಅದರ ಸ್ವರ ತಗ್ಗಿಸಿದರು. ಮಾಸ್ಟ್ರು ಕೂರಲಿಲ್ಲ. ಕೂತರೆ ಮಾತು ಹೊರಗೆ ಬರುವುದಿಲ್ಲ ಎಂದು ಅವರಿಗೆ ಹೆದರಿಕೆ.

"ಭಾವ, ಗುರುವಾರ ಅವರು ಬರುವುದು ಬೇಡ."

"ಬೇಡ ಅಂತ ಯಾರು ಹೇಳುವುದು?"

"ನಾನು."

ತಾರಾನಾಥರಿಗೆ ಸಿಟ್ಟು ಬರಲಿಲ್ಲ. ಮನೆಯ ಕಂಬ ಮಾತಾಡಿದರೆ ಆಗುವಷ್ಟು ಆಶ್ಚರ್ಯವಾಯಿತು.

"ನೀವು ಈ ಜಗಲಿಯಲ್ಲಿ ಬೇಡ ಅಂದದ್ದು ಇದೇ ಮೊದಲು ಭಾವ. ನಿನ್ನೆ ನಿಮ್ಮನ್ನು ಕೇಳಿದೆನಲ್ಲ? ಅವಳು ಹೇಳಲಿ ಅಂದಿರಿ. ಅವಳು ಹೇಳಿದಳು. ಈಗ ಎಂತ? ಯಾವ ವಿಷಯ ಬಂದರೂ ನೀವು ನಗ್ತೀರಿ, ಬಾಯಿ ತೆಗೆಯುವುದಿಲ್ಲ. ಮನೆ ಅಂದ ಮೇಲೆ ಒಬ್ಬ ಹೇಳಬೇಕು. ನೀವು ಹೇಳ್ಲಿಲ್ಲ, ನಾನು ಹೇಳಿದೆ. ಬೊಂಬಾಯಿಯಲ್ಲಿ ಕೂತು ಇಲ್ಲಿಯ ಎಲ್ಲರದ್ದೂ ಆಲೋಚನೆ ಮಾಡುವುದು ನನಗೇನು ಖುಷಿಯಾ?"

"ನನ್ನದು ತಪ್ಪಾಯಿತು" ಎಂದರು ಮಾಸ್ಟ್ರು. "ನಿನ್ನೆ ಹೇಳಬೇಕಿತ್ತು. ಇವತ್ತು ಹೇಳ್ತಾ ಇದ್ದೇನೆ. ಅವಳಿಗೆ ಓದಬೇಕು ಅಂತ ಉಂಟು. ಅವಳು ಓದಬೇಕು ಅಂತ ನನಗೂ ಉಂಟು."

ಆ 'ನನಗೂ ಉಂಟು' ಹೇಳುವಾಗ ಅವರು ಪಕ್ಕದ ಕಂಬ ಹಿಡಿದುಕೊಂಡರು.

ತಾರಾನಾಥ ಕುರ್ಚಿಯಲ್ಲಿ ಮುಂದೆ ಬಗ್ಗಿ ಸೊಸೆಯನ್ನು ಕರೆದರು. "ಬಾ ಇಲ್ಲಿ. ಅಪ್ಪ ಹೇಳಿಕೊಟ್ಟದ್ದು ಬೇಡ, ಅಮ್ಮ ಹೇಳಿಕೊಟ್ಟದ್ದೂ ಬೇಡ. ಹುಡುಗ ಸರಿ ಇಲ್ವಾ?"

"ಸರಿ ಇದ್ದಾರೆ ಅಂತ ನೀವು ಹೇಳಿದ್ದೀರಿ ಮಾವ."

"ಮನೆ ಸರಿ ಇಲ್ವಾ?"

"ಸರಿ ಉಂಟು."

"ಮತ್ತೆ? ನಾನು ಮಾಡಿದ್ದು ತಪ್ಪಾ?"

ಕುಶಲಾ ಹಿಂದಿನ ದಿನದ ಹಾಗೆಯೇ ತಿರುಗಿ ಅಪ್ಪನ ಮುಖ ನೋಡಿದಳು. ಮಾಸ್ಟ್ರ ನಾಲಿಗೆಯ ತುದಿಗೆ 'ನಿನ್ನ ಇಷ್ಟ' ಎಂಬ ಆ ಹಳೆಯ ಎರಡು ಪದಗಳು ಬಂದವು. ಅವರು ಅವನ್ನು ನುಂಗಿಕೊಂಡರು. ನಗಲೂ ಇಲ್ಲ. ಜಗಲಿ ದಾಟಿ ಬಂದು ಮಗಳ ಪಕ್ಕದಲ್ಲಿ, ಅವಳ ಹೆಗಲಿಗೆ ತಮ್ಮ ಹೆಗಲು ತಾಗುವಷ್ಟು ಹತ್ತಿರ ನಿಂತರು.

"ತಪ್ಪಲ್ಲ ಮಾವ" ಎಂದಳು ಕುಶಲಾ. "ನೀವು ಹೇಳಿದ್ದು ಎಲ್ಲ ಸರಿ ಉಂಟು. ನನಗೆ ಒಪ್ಪಿಗೆ ಇಲ್ಲ."

ಸ್ಟೆನ್ಸಿಲಿನಲ್ಲಿ ಜಾಗ ಸಾಲದೆಂದು ಹೊಡೆದು ಹಾಕಿದ ಮಾತು. ಮಾಸ್ಟ್ರು ಅದನ್ನು ಮಗಳ ಬಾಯಿಂದ ಕೇಳಿದರು. ಸರಿ ಇರುವುದಕ್ಕೂ ಒಪ್ಪಿಗೆ ಇಲ್ಲದೆ ಇರಬಹುದು ಎಂಬುದು ಅವರಿಗೆ ಹೊಳೆಯಲು ಕನ್ನಡ ಪಂಡಿತರಾಗಿ ಇಷ್ಟು ವರ್ಷ ಬೇಕಾಯಿತು. ಅಂದು ವಾಮಂಜೂರಿನ ಜಗಲಿಯಲ್ಲಿ ಈ ಮಾತು ತಮ್ಮಲ್ಲಿ ಇದ್ದಿದ್ದರೆ ಎಂದು ಅವರಿಗೆ ಅನಿಸಿತು.

ತಾರಾನಾಥ ಕುರ್ಚಿಗೆ ಒರಗಿದರು. ರೇಡಿಯೋದಲ್ಲಿ ಯಾರೋ ತಗ್ಗಿದ ಸ್ವರದಲ್ಲಿ ಕೃಷಿಕರಿಗೆ ಸಲಹೆ ಹೇಳುತ್ತಿದ್ದರು.

"ನಿನ್ನೆ ಇದನ್ನು ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?"

"ನಿನ್ನೆ ನೀವು ಸರಿ ಅಲ್ವಾ ಅಂತ ಕೇಳಿದ್ದು ಮಾವ. ಒಪ್ಪಿಗೆ ಉಂಟಾ ಅಂತ ಕೇಳ್ಲಿಲ್ಲ."

ತಾರಾನಾಥ ಅವಳನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಬೇಸರವಿತ್ತು, ಪಾಲುದಾರರಿಗೆ ಹೇಳಬೇಕಾದ ಮಾತಿನ ಭಾರವಿತ್ತು, ಅದರ ಜೊತೆಗೆ ಹಾಳಾದ ರೇಡಿಯೋ ಮಾತಾಡಿದ ದಿನ ಇದ್ದಂಥ ಒಂದು ಬೆರಗೂ ಇತ್ತು. "ಬೊಂಬಾಯಿಗೆ ನಾಳೆ ಟೆಲಿಗ್ರಾಮ್ ಕೊಡ್ತೇನೆ" ಎಂದರು ಕೊನೆಗೆ. "ಓದು. ಫೇಲಾಗಿ ನನ್ನ ಮುಖಕ್ಕೆ ಮಸಿ ಬಳಿಯಬೇಡ." ಹಾಗೆ ಹೇಳಿ ತಂಗಿಯ ಕಡೆ ತಿರುಗಿದರು.

"ಜಲಜಾ, ಇವಳು ಯಾರ ಹಾಗೆ? ನಮ್ಮ ಮನೆಯಲ್ಲಿ ಹೀಗೆ ಮಾತಾಡಿದವರು ಯಾರೂ ಇಲ್ಲ."

ಆ ಮನೆಯಲ್ಲಿ ಮಕ್ಕಳು ಅಜ್ಜಿಯ ಹಾಗೆ ಇರುತ್ತಿದ್ದರು, ದೊಡ್ಡಮ್ಮನ ಹಾಗೆ ಇರುತ್ತಿದ್ದರು, ಮಾವನ ಹಾಗೆ ಇರುತ್ತಿದ್ದರು. ಬೇರೆ ಉತ್ತರ ಆ ಜಗಲಿಗೆ ಗೊತ್ತಿರಲಿಲ್ಲ. ಜಲಜಾಕ್ಷಿ ಸೆರಗು ಸರಿಮಾಡಿಕೊಂಡು, ಗಂಡನನ್ನು ನೋಡದೆ, ಅಣ್ಣನಿಗೆ ಹೇಳಿದಳು.

"ಅವಳು ಅವಳ ಅಪ್ಪನ ಹಾಗೆ."

ಗುಣಪಾಲ ಮಾಸ್ಟ್ರು ಅಂಗಳದ ಕಡೆ ಮುಖ ತಿರುಗಿಸಿ, ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರಸಿಕೊಂಡರು.